ಸಣ್ಣ ವಿಮಾನದಲ್ಲಿ ದ್ವೀಪದಿಂದ ದ್ವೀಪಕ್ಕೆ: ಕೊಡಗಿನಿಂದ ಕಡಿಮೆ ಖರ್ಚಿನಲ್ಲಿ ಮಾಲ್ಡೀವ್ಸ್ ಸುತ್ತುವವರಿಗೆ

ಕಾಫಿ ಕೊಯ್ಲು ಮುಗಿಯುತ್ತಾ ಬಂದ ಹಾಗೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ವಿರಾಜಪೇಟೆಯಿಂದ, ಗೋಣಿಕೊಪ್ಪದಿಂದ, ಸೋಮವಾರಪೇಟೆಯಿಂದ. "ಅಣ್ಣಾ, ಬೆನ್ನಿಗೆ ಒಂದು ಬ್ಯಾಗ್ ಹಾಕ್ಕೊಂಡು ಮಾಲ್ಡೀವ್ಸ್ ಸುತ್ತಬೇಕು. ರೆಸಾರ್ಟ್ ಬೇಡ. ಆ ಸಣ್ಣ ವಿಮಾನದಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗೋದು ನಮ್ಮಂಥವರ ಕೈಗೆ ಎಟುಕುತ್ತಾ?"

ಎಟುಕುತ್ತದೆ. ಆದರೆ ಸಣ್ಣ ವಿಮಾನವನ್ನು ದೂರದ ದಾರಿಗೆ ಮಾತ್ರ ಇಟ್ಟುಕೊಳ್ಳಬೇಕು. ಹತ್ತಿರದ ದ್ವೀಪಗಳಿಗೆ ದೋಣಿ ಸಾಕು. ಇದೊಂದನ್ನು ಪಾಲಿಸಿದರೆ ಖರ್ಚು ಹಿಡಿತದಲ್ಲಿರುತ್ತದೆ. ಪಾಲಿಸದೆ ಮೂರ್ನಾಲ್ಕು ಸಲ ವಿಮಾನ ಹತ್ತಿ ಇಳಿದರೆ ದುಡ್ಡು ಕರಗುವುದು ಗೊತ್ತೇ ಆಗುವುದಿಲ್ಲ.

"ಲಕ್ಷದ್ವೀಪ ನಮಗೆ ಹತ್ತಿರ, ಅಲ್ಲಿಗೇ ಹೋಗಬಾರದಾ?" ಎಂದು ಕೇಳುವವರೂ ಇದ್ದಾರೆ. ಖಂಡಿತ ಹೋಗಿ, ತುಂಬಾ ಚಂದದ ಜಾಗ. ಪಾಸ್‌ಪೋರ್ಟ್ ಬೇಡ, ಪ್ರವೇಶ ಪರವಾನಗಿ ಬೇಕು. ಆದರೆ ಅಲ್ಲಿ ವಿಮಾನ ಇಳಿಯುವುದು ಅಗತ್ತಿ ಎಂಬ ಒಂದೇ ದ್ವೀಪದಲ್ಲಿ. ಅಲ್ಲಿಂದ ಮುಂದೆ ಹಡಗು, ದೋಣಿ. ಹಾಗಾಗಿ ದ್ವೀಪದಿಂದ ದ್ವೀಪಕ್ಕೆ ವಿಮಾನ ಎಂಬ ಆಸೆ ಅಲ್ಲಿ ಈಡೇರುವುದಿಲ್ಲ. ಮಾಲ್ಡೀವ್ಸ್‌ನಲ್ಲಿ ಈಡೇರುತ್ತದೆ.

ಹೊರಡುವ ಮೊದಲು ಆ ದೇಶ ಹೇಗೆ ಹರಡಿಕೊಂಡಿದೆ ಅನ್ನುವುದು ಗೊತ್ತಿರಲಿ. ಸುಮಾರು 1,200 ಪುಟ್ಟ ಹವಳದ ದ್ವೀಪಗಳು. ಜನ ವಾಸ ಮಾಡುವುದು ಅವುಗಳಲ್ಲಿ 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಉಂಗುರದ ಹಾಗೆ ಗುಂಪುಗೂಡಿದ ದ್ವೀಪಗಳಿಗೆ ಅಟಾಲ್ ಎನ್ನುತ್ತಾರೆ. ಈ ಅಟಾಲ್‌ಗಳು ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಚಾಚಿವೆ. ರಾಜಧಾನಿ ಮಾಲೆ ಹೆಚ್ಚುಕಮ್ಮಿ ನಡುವೆ ಇದೆ. ಒಂದೇ ಅಟಾಲ್ ಒಳಗೆ ಓಡಾಡಲು ದೋಣಿ ಇದೆ. ದೇಶದ ತುದಿಗೆ ಹೋಗಬೇಕಾದರೆ ವಿಮಾನ ಬೇಕು.

ಇನ್ನೊಂದು ಮಾತು. ಮಾಲ್ಡೀವ್ಸ್ ಅಂದ ಕೂಡಲೇ ನೀರಿನ ಮೇಲೆ ಇಳಿಯುವ ವಿಮಾನದ ಚಿತ್ರ ಕಣ್ಣಿಗೆ ಬರುತ್ತದೆ, ಅಲ್ವಾ? ಅದು ಸೀಪ್ಲೇನ್. ಟ್ವಿನ್ ಆಟರ್ ಎಂಬ ಹದಿನೈದು ಸೀಟಿನ ಆಸುಪಾಸಿನ ವಿಮಾನ. ಅದರ ಟಿಕೆಟ್ ಸಾಮಾನ್ಯವಾಗಿ ರೆಸಾರ್ಟ್ ಮೂಲಕವೇ ಬರುತ್ತದೆ, ಬೆಲೆ ನೂರಾರು ಡಾಲರ್. ಬೆಳಕಿರುವಾಗ ಮಾತ್ರ ಹಾರುತ್ತದೆ. ನಮ್ಮ ಲೆಕ್ಕಕ್ಕೆ ಅದು ಬೇಡ. ನಮಗೆ ಬೇಕಾದದ್ದು ಓಡುದಾರಿಯ ಮೇಲೆ ಇಳಿಯುವ ಟರ್ಬೊಪ್ರೊಪ್, ಅಂದರೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ವಿಮಾನ. ಡ್ಯಾಶ್ 8 ಆದರೆ 37 ಅಥವಾ 50 ಸೀಟು, ಎಟಿಆರ್ 72 ಆದರೆ 70ರ ಸುಮಾರು. ಮಾಲ್ಡಿವಿಯನ್, ಮಂಟಾ ಏರ್, ವಿಲ್ಲಾ ಏರ್ ಎಂಬ ಕಂಪನಿಗಳು ಇಂಥ ವಿಮಾನ ಓಡಿಸುತ್ತವೆ.

ಹಂತ 1: ಯಾವಾಗ ಹೋಗಬೇಕು

ಜನವರಿಯಿಂದ ಏಪ್ರಿಲ್ ಅಲ್ಲಿ ಒಣ ಕಾಲ. ಸಮುದ್ರ ಶಾಂತ, ನೀರು ತಿಳಿ. ಆದರೆ ತೋಟ ಇರುವ ಮನೆಯವರಿಗೆ ಜನವರಿ, ಫೆಬ್ರವರಿ ಆಗದ ಮಾತು. ಕೊಯ್ಲು, ಒಣಗಿಸುವುದು, ಆಮೇಲೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವುದು. ಹಾಗಾಗಿ ನಾನು ಹೇಳುವುದು ಏಪ್ರಿಲ್. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬಿದ್ದಿರುತ್ತದೆ, ಕೈಯಲ್ಲಿ ಸ್ವಲ್ಪ ದುಡ್ಡೂ ಬಂದಿರುತ್ತದೆ.

ರಂಜಾನ್ ತಿಂಗಳು ನೋಡಿಕೊಂಡು ದಿನ ಗೊತ್ತು ಮಾಡಿ. 2027ರಲ್ಲಿ ಅದು ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಎರಡನೇ ವಾರದವರೆಗೆ ಬರುತ್ತದೆ. ಆಗ ಹಗಲು ಹೊತ್ತು ಊರಿನ ಹೋಟೆಲ್‌ಗಳು ಮುಚ್ಚಿರುತ್ತವೆ, ದೋಣಿಯ ಸಮಯವೂ ಬದಲಾಗಬಹುದು. ಅಗ್ಗದ ಊಟವನ್ನೇ ನಂಬಿಕೊಂಡು ಹೋಗುವವರಿಗೆ ಇದು ದೊಡ್ಡ ತೊಂದರೆ.

ಮಳೆಗಾಲದಲ್ಲಿ ಹೋದರೆ ರೂಮು ಅಗ್ಗ. ಆದರೆ ಇಲ್ಲಿ ಸಂಪಾಜೆಯಲ್ಲೋ ಮಾಕುಟ್ಟದಲ್ಲೋ ಗುಡ್ಡ ಜರಿದು ರಸ್ತೆ ನಿಂತರೆ ವಿಮಾನ ನಿಮಗಾಗಿ ಕಾಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೊರಡುವವರು ಒಂದು ದಿನ ಮೊದಲೇ ಘಾಟಿ ಇಳಿದು ಬಿಡಿ.

ಹಂತ 2: ದಾರಿ ಗೊತ್ತು ಮಾಡಿ

ಎಲ್ಲರೂ ಎಡವುವುದು ಇಲ್ಲೇ. ನಕ್ಷೆ ನೋಡಿ ನಾಲ್ಕು ದ್ವೀಪ ಆರಿಸುತ್ತಾರೆ. ನಾಲ್ಕೂ ನಾಲ್ಕು ದಿಕ್ಕಿನಲ್ಲಿ ಇರುತ್ತವೆ. ಬಹುತೇಕ ಸಣ್ಣ ವಿಮಾನಗಳು ಮಾಲೆಯಿಂದ ಹೊರಟು ಮಾಲೆಗೇ ಬರುತ್ತವೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಅಡ್ಡ ಹಾರಲು ಆಗುವುದು ಕಡಿಮೆ. ಹೀಗಾಗಿ ಪ್ರತಿ ಸಲ ಮಾಲೆಗೆ ಬಂದು ಮತ್ತೆ ಹೊಸ ಟಿಕೆಟ್ ತೆಗೆಯಬೇಕಾಗುತ್ತದೆ.

ಅದರ ಬದಲು ಹೀಗೆ ಮಾಡಿ. ಒಂದು ದ್ವೀಪದಲ್ಲಿ ಇಳಿಯಿರಿ, ದೋಣಿಯಲ್ಲಿ ಪಕ್ಕದ ದ್ವೀಪಕ್ಕೆ ದಾಟಿ, ಅಲ್ಲಿಂದ ವಾಪಸ್ ಹಾರಿ. ಇದಕ್ಕೆ ನನಗೆ ತುಂಬಾ ಇಷ್ಟವಾದ ದಾರಿ ದಕ್ಷಿಣದ ತುದಿ: ಮಾಲೆಯಿಂದ ಫುವಹ್ಮುಲಾಗೆ ವಿಮಾನ, ಫುವಹ್ಮುಲಾದಿಂದ ಅಡ್ಡು ಅಟಾಲ್‌ಗೆ ದೋಣಿ, ಅಡ್ಡುವಿನ ಗಾನ್ ನಿಲ್ದಾಣದಿಂದ ಮಾಲೆಗೆ ವಿಮಾನ.

ಯಾಕೆ ಈ ದಾರಿ? ಅಡ್ಡು ಮಾಲೆಯಿಂದ 500 ಕಿಲೋಮೀಟರಿಗಿಂತ ದೂರ. ಹಾರುತ್ತಾ ಭೂಮಧ್ಯರೇಖೆಯನ್ನೇ ದಾಟುತ್ತೀರಿ. ಒಂದು ಗಂಟೆಗೂ ಮೇಲ್ಪಟ್ಟು ಕಿಟಕಿಯ ಕೆಳಗೆ ಒಂದಾದ ಮೇಲೊಂದು ಅಟಾಲ್ ಬರುತ್ತಲೇ ಇರುತ್ತದೆ. ಕೊಟ್ಟ ದುಡ್ಡಿಗೆ ನೋಟ ಸಿಗುವುದು ಇಂಥ ಉದ್ದದ ಹಾರಾಟದಲ್ಲಿ. ಮೇಲಾಗಿ, ಫುವಹ್ಮುಲಾ ಒಂದೇ ದ್ವೀಪದ ಅಟಾಲ್. ಒಳಗೆ ಎರಡು ಸಿಹಿನೀರಿನ ಕೆರೆ ಇವೆ, ಸುತ್ತ ಜೌಗು, ಕೆಸುವಿನ ಗದ್ದೆ. ಹೌದು, ನಮ್ಮ ಹಿತ್ತಲಲ್ಲಿ ಬೆಳೆಯುವ ಅದೇ ಜಾತಿಯ ಕೆಸು. ಸಮುದ್ರದ ನಡುವೆ ಅದನ್ನು ನೋಡಿದಾಗ ನನಗೆ ಮನೆಯೇ ನೆನಪಾಯಿತು. ಸೈಕಲ್ ಸಿಕ್ಕರೆ ಅರ್ಧ ದಿನದಲ್ಲಿ ದ್ವೀಪವನ್ನು ಒಂದು ಸುತ್ತು ಹಾಕಬಹುದು.

ಅಡ್ಡುವಿನಲ್ಲಿ ಇನ್ನೊಂದು ಉಳಿತಾಯ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಗಾನ್‌ನಲ್ಲಿ ವಿಮಾನ ನೆಲೆ ಕಟ್ಟಿದರು, 1976ರಲ್ಲಿ ಬಿಟ್ಟು ಹೋದರು. ಈಗ ಗಾನ್‌ನಿಂದ ಹಿತಧೂವರೆಗೆ ನಾಲ್ಕೈದು ದ್ವೀಪಗಳನ್ನು ಒಂದೇ ರಸ್ತೆ ಜೋಡಿಸುತ್ತದೆ, ಸುಮಾರು 14 ಕಿಲೋಮೀಟರ್. ದೋಣಿಗೆ ಕೊಡುವ ದುಡ್ಡು ಇಲ್ಲಿ ಉಳಿಯುತ್ತದೆ. ಸೈಕಲ್ ಸಾಕು.

ಮೀನು ನೋಡುವುದೇ ಮುಖ್ಯ ಅನ್ನುವವರಿಗೆ ಬೇರೆ ಎರಡು ದಾರಿ. ಬಾ ಅಟಾಲ್‌ನ ಧರವಂಧೂನಲ್ಲಿ ಇಳಿದರೆ ಹನಿಫಾರು ಕೊಲ್ಲಿ ಹತ್ತಿರ. ಜೂನ್‌ನಿಂದ ನವೆಂಬರ್ ನಡುವೆ ಅಲ್ಲಿ ಮಂಟಾ ರೇ ಎಂಬ ದೊಡ್ಡ ತೊರಕೆ ಮೀನುಗಳು ಸೇರುತ್ತವೆ. ದಕ್ಷಿಣ ಆರಿ ಅಟಾಲ್‌ನ ಮಾಮಿಗಿಲಿ ಕಡೆ ತಿಮಿಂಗಿಲ ಶಾರ್ಕ್ ವರ್ಷವಿಡೀ ಕಾಣಸಿಗುತ್ತದೆ. ಆದರೆ ಇವೆರಡಕ್ಕೂ ಮಾಲೆಯಿಂದ ಸ್ಪೀಡ್‌ಬೋಟ್ ಇದೆ. ಟಿಕೆಟ್ ತೆಗೆಯುವ ಮುಂಚೆ ಅದರ ದರವನ್ನೂ ಕೇಳಿ. ಬೋಟಿನಲ್ಲಿ ಎರಡು ಮೂರು ಗಂಟೆಯಲ್ಲಿ ಮುಗಿಯುವ ದಾರಿಗೆ ವಿಮಾನ ಬೇಡ.

ದೋಣಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಶುಕ್ರವಾರ ಅಲ್ಲಿ ರಜೆ, ಸರ್ಕಾರಿ ಫೆರಿಗಳು ಸಾಮಾನ್ಯವಾಗಿ ಓಡುವುದಿಲ್ಲ. ಫುವಹ್ಮುಲಾ ಮತ್ತು ಅಡ್ಡು ನಡುವಿನ ಕಡಲು ತೆರೆದ ಕಡಲು. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ. ದಾಟುವ ದಿನಕ್ಕೂ ವಾಪಸ್ ಹಾರುವ ದಿನಕ್ಕೂ ನಡುವೆ ಒಂದು ದಿನವಾದರೂ ಬಿಡಿ.

ಹಂತ 3: ಟಿಕೆಟ್ ತೆಗೆಯುವ ಕ್ರಮ

ಮೊದಲು ಸಣ್ಣ ವಿಮಾನದ ವೇಳಾಪಟ್ಟಿ ನೋಡಿ. ಆಮೇಲೆ ದೊಡ್ಡ ವಿಮಾನ. ಎರಡೂ ಹೊಂದುತ್ತವೆ ಅನ್ನಿಸಿದ ಮೇಲೆ ಒಂದೇ ದಿನ ಕೂತು ಎರಡನ್ನೂ ತೆಗೆಯಿರಿ. ತುಂಬಾ ಜನ ಬೆಂಗಳೂರು–ಮಾಲೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ತೆಗೆದು ಬಿಡುತ್ತಾರೆ. ಆಮೇಲೆ ನೋಡಿದರೆ ಆ ದಿನ ದ್ವೀಪದ ವಿಮಾನದಲ್ಲಿ ಸೀಟಿಲ್ಲ. ಐವತ್ತು ಸೀಟಿನ ವಿಮಾನ, ಊರಿನ ಜನವೂ ಅದರಲ್ಲೇ ಆಸ್ಪತ್ರೆಗೆ, ಕೆಲಸಕ್ಕೆ ಓಡಾಡುತ್ತಾರೆ.

ಅಲ್ಲಿ ದರ ಎರಡು ಥರ. ಅಲ್ಲಿಯವರಿಗೆ ಒಂದು, ಹೊರದೇಶದವರಿಗೆ ಒಂದು. ನಮ್ಮದು ಜಾಸ್ತಿ. ತಪ್ಪಿ ಅಲ್ಲಿಯವರ ದರದಲ್ಲಿ ಟಿಕೆಟ್ ತೆಗೆದರೆ ಕೌಂಟರಿನಲ್ಲಿ ಹತ್ತಿಸುವುದಿಲ್ಲ, ಇಲ್ಲವೇ ವ್ಯತ್ಯಾಸದ ಹಣ ಕೇಳುತ್ತಾರೆ. ಪಾಸ್‌ಪೋರ್ಟ್ ದೇಶ ಸರಿಯಾಗಿ ಹಾಕಿದ್ದೀರಾ ಎಂದು ಎರಡು ಸಲ ನೋಡಿ.

ಹೆಸರಿನ ತೊಂದರೆ ನಮ್ಮ ಕಡೆ ಜಾಸ್ತಿ. ಕೊಡವರಲ್ಲಿ ಮನೆ ಹೆಸರು ಮುಂದೆ, ಅಪ್ಪನ ಹೆಸರು ಇನಿಷಿಯಲ್, ಆಮೇಲೆ ಸ್ವಂತ ಹೆಸರು. ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಥರ ಇರುತ್ತದೆ. ಟಿಕೆಟ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹಾಕಿ, ಒಂದಕ್ಷರ ಆಚೀಚೆ ಬೇಡ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಬುಕ್ ಮಾಡುವ ಮುಂಚೆ ವಿಮಾನ ಕಂಪನಿಗೆ ಬರೆದು ಕೇಳಿ, ಅವರು ಹೇಳಿದ ಹಾಗೆ ತುಂಬಿಸಿ.

ದುಡ್ಡು ಕಟ್ಟುವಾಗ ಕಾರ್ಡ್ ಕೆಲಸ ಮಾಡದಿದ್ದರೆ ಗಾಬರಿ ಬೇಡ. ನಮ್ಮ ಬ್ಯಾಂಕ್‌ಗಳು ಹೊರದೇಶದ ಬಳಕೆಯನ್ನು ಮುಚ್ಚಿಯೇ ಕೊಡುತ್ತವೆ. ಬ್ಯಾಂಕ್ ಆಪ್‌ನಲ್ಲಿ ಅದನ್ನು ತೆರೆದು ಮಿತಿ ಹಾಕಿಕೊಳ್ಳಿ.

ಊರಿಂದ ವಿಮಾನ ನಿಲ್ದಾಣಕ್ಕೆ: ಮಡಿಕೇರಿ, ಕುಶಾಲನಗರ ಕಡೆಯವರಿಗೆ ಬೆಂಗಳೂರು ಸುಲಭ. ಮೈಸೂರಿಗೆ ಬಂದರೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ವಿಮಾನ ನಿಲ್ದಾಣಕ್ಕೆ ಬಿಡುತ್ತದೆ. ವಿರಾಜಪೇಟೆ ಕಡೆಯವರು ಕೊಚ್ಚಿಯನ್ನೂ ನೋಡಿ. ಮಾಕುಟ್ಟ ಇಳಿದು ತಲಶ್ಶೇರಿಯಲ್ಲಿ ರೈಲು ಹತ್ತಿದರೆ ಆಲುವಾದಲ್ಲಿ ಇಳಿಯಬಹುದು, ಕೊಚ್ಚಿ ನಿಲ್ದಾಣ ಅಲ್ಲಿಗೆ ಹತ್ತಿರ.

ಹಂತ 4: ಕಾಗದ ಪತ್ರ

ವೀಸಾ ಮೊದಲೇ ಮಾಡಿಸಬೇಕಿಲ್ಲ. ಮಾಲೆಯಲ್ಲಿ ಇಳಿದಾಗ ಉಚಿತವಾಗಿ ಸಿಗುತ್ತದೆ. ಅವರು ಕೇಳುವುದು ಇಷ್ಟು: ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಕೈಯಲ್ಲಿ ಖರ್ಚಿಗೆ ಹಣ ಇದೆ ಅನ್ನುವುದಕ್ಕೆ ಆಧಾರ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು "ಅಲ್ಲೇ ಹೋಗಿ ರೂಮು ಹುಡುಕುತ್ತೇನೆ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಎಲ್ಲ ರಾತ್ರಿಗೂ ಬುಕಿಂಗ್ ಇರಲಿ, ಕಾಗದದಲ್ಲಿ ಮುದ್ರಿಸಿಕೊಳ್ಳಿ.

ಇಮುಗಾ ಎಂಬ ಆನ್‌ಲೈನ್ ಅರ್ಜಿ ಕಡ್ಡಾಯ. ಪ್ರಯಾಣದ ಹಿಂದಿನ 96 ಗಂಟೆ ಒಳಗೆ ತುಂಬಬೇಕು. ಬರುವಾಗ ಒಂದು, ಹೊರಡುವಾಗ ಇನ್ನೊಂದು. ಇದಕ್ಕೆ ಒಂದು ರೂಪಾಯಿಯೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಕೆಲವು ಜಾಲತಾಣಗಳು ಡಾಲರ್ ಕೇಳುತ್ತವೆ. ದುಡ್ಡು ಕೇಳಿದ ಕೂಡಲೇ ಮುಚ್ಚಿ ಬಿಡಿ, ಅದು ಸರ್ಕಾರದ್ದಲ್ಲ.

ಹಂತ 5: ಬ್ಯಾಗ್

ಸಣ್ಣ ವಿಮಾನದಲ್ಲಿ ತೂಕವೇ ಎಲ್ಲ. ಓಡುದಾರಿ ಗಿಡ್ಡ, ಸಾಮಾನು ಇಡುವ ವಿಮಾನದ ಹೊಟ್ಟೆ ಸಣ್ಣದು. ಸಾಮಾನು, ಜನ, ಎಣ್ಣೆ ಎಲ್ಲದರ ತೂಕ ಲೆಕ್ಕ ಹಾಕಿಯೇ ಹಾರಿಸುತ್ತಾರೆ. ಕೆಲವೊಮ್ಮೆ ತೂಕ ಸಮ ಮಾಡಲು ಪ್ರಯಾಣಿಕರನ್ನೇ ಬೇರೆ ಸೀಟಿಗೆ ಕಳಿಸುತ್ತಾರೆ. ಹೇಳಿದ ಕಡೆ ಕೂರಿ, ವಾದ ಬೇಡ.

ದೊಡ್ಡ ವಿಮಾನದಲ್ಲಿ ಒಪ್ಪಿದ ತೂಕವನ್ನು ಸಣ್ಣ ವಿಮಾನ ಒಪ್ಪಬೇಕೆಂದಿಲ್ಲ. ಟಿಕೆಟ್ ಬೇರೆ ಬೇರೆ ಆದರೆ ನಿಯಮವೂ ಬೇರೆ. ನಿಮ್ಮ ಟಿಕೆಟ್‌ನಲ್ಲಿ ಬರೆದಿರುವ ಕಡಿಮೆ ತೂಕ ಯಾವುದೋ ಅದಕ್ಕೆ ತಕ್ಕ ಹಾಗೆ ತುಂಬಿ. ನನ್ನ ಮಾತು ಕೇಳುವುದಾದರೆ ಒಟ್ಟು 10 ಕೆಜಿ ದಾಟಿಸಬೇಡಿ. ಮೂರು ಜೊತೆ ಬಟ್ಟೆ, ಒಂದು ಪಂಚೆ, ಮಳೆ ಅಂಗಿ. ಬಿಸಿಲಿಗೆ ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತದೆ. ತಲೆಯ ಮೇಲಿನ ಗೂಡು ತುಂಬಾ ಸಣ್ಣದು, ದೊಡ್ಡ ಬ್ಯಾಗ್ ಅಲ್ಲಿ ಹಿಡಿಸುವುದಿಲ್ಲ. ಪಾಸ್‌ಪೋರ್ಟ್, ಹಣ, ಔಷಧಿ, ಪವರ್ ಬ್ಯಾಂಕ್ ಒಂದು ಸಣ್ಣ ಚೀಲದಲ್ಲಿ ಕೈಯಲ್ಲೇ ಇರಲಿ. ಪವರ್ ಬ್ಯಾಂಕ್ ಯಾವತ್ತೂ ಕೆಳಗೆ ಹೋಗುವ ಬ್ಯಾಗಲ್ಲಿ ಹಾಕಬೇಡಿ.

ಈಗ ನಮ್ಮ ಊರಿನವರಿಗೇ ಅಂತ ಹೇಳಬೇಕಾದ ಮಾತು. ದಯವಿಟ್ಟು ಸರಿಯಾಗಿ ಓದಿ.

ಹಂದಿ ಮಾಂಸ ಯಾವ ರೂಪದಲ್ಲೂ ಮಾಲ್ಡೀವ್ಸ್‌ಗೆ ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ಪಂದಿ ಉಪ್ಪಿನಕಾಯಿಯೂ ಸೇರಿ. ಮನೆಯಲ್ಲಿ ಮಾಡಿದ ವೈನ್ ಕೂಡ ಇಲ್ಲ. ಬೆಂಗಳೂರಿನ ಡ್ಯೂಟಿ ಫ್ರೀನಲ್ಲಿ ಕೊಂಡ ಬಾಟಲಿಯನ್ನೂ ಕಸ್ಟಮ್ಸ್‌ನವರು ತೆಗೆದಿಟ್ಟುಕೊಳ್ಳುತ್ತಾರೆ, ರಸೀದಿ ಇದ್ದರೆ ವಾಪಸ್ ಹೋಗುವಾಗ ಕೊಡುತ್ತಾರೆ. ಇ-ಸಿಗರೇಟ್ ನಿಷೇಧ. ಪೂಜೆಯ ವಿಗ್ರಹಗಳಿಗೂ ಅಲ್ಲಿ ಅವಕಾಶ ಇಲ್ಲ. ಕಾವೇರಮ್ಮನ ಸಣ್ಣ ಮೂರ್ತಿ ಬ್ಯಾಗಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅದನ್ನು ದೇವರ ಕೋಣೆಯಲ್ಲೇ ಬಿಟ್ಟು ಬನ್ನಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಹಳೆಯ ಬ್ಯಾಗಿನ ಜೇಬು. ಹಬ್ಬಕ್ಕೆ, ಕಾವಲಿಗೆ ಕೋವಿ ಹಿಡಿದು ಹೋಗುವಾಗ ಬಳಸಿದ ಬ್ಯಾಗ್ ಆಗಿದ್ದರೆ ಒಂದು ತೋಟಾ ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು. ಖಾಲಿ ಕೊಳವೆಯೂ ಆಗಿರಬಹುದು. ವಿಮಾನ ನಿಲ್ದಾಣದಲ್ಲಿ ಅದು ಸಿಕ್ಕರೆ ಪೊಲೀಸ್ ಕೇಸ್. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನವರಿಗೆ ಇರುವ ವಿನಾಯಿತಿ ಅಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಬ್ಯಾಗನ್ನು ಅಂಗಳದಲ್ಲಿ ಬುಡಮೇಲು ಮಾಡಿ ಕೊಡವಿ, ಪ್ರತಿ ಜಿಪ್ ತೆರೆದು ಬೆರಳು ಹಾಕಿ ನೋಡಿ. ಸಾಧ್ಯವಾದರೆ ಹೊಸ ಬ್ಯಾಗ್ ತೆಗೆದುಕೊಳ್ಳಿ, ಅದು ಇನ್ನೂ ಒಳ್ಳೆಯದು. ತೋಟದ ಕತ್ತಿ, ಚಾಕು ಕೂಡ ನೋಡಿ ತೆಗೆಯಿರಿ.

ಕಾಫಿ ಪುಡಿ ಧಾರಾಳವಾಗಿ ತೆಗೆದುಕೊಂಡು ಹೋಗಿ, ಕಂಪನಿಯ ಪ್ಯಾಕೆಟ್ ಒಡೆಯದೆ. ಗೆಸ್ಟ್‌ಹೌಸ್‌ನವರಿಗೆ ಕೊಟ್ಟರೆ ತುಂಬಾ ಖುಷಿ ಪಡುತ್ತಾರೆ.

ಹಂತ 6: ಮಾಲೆಯಲ್ಲಿ ಇಳಿದ ಮೇಲೆ

ಗಡಿಯಾರ ಅರ್ಧ ಗಂಟೆ ಹಿಂದಕ್ಕೆ. ವೆಲಾನಾ ನಿಲ್ದಾಣ ಒಂದು ಪ್ರತ್ಯೇಕ ದ್ವೀಪದಲ್ಲಿದೆ. 2018ರಿಂದ ಸೇತುವೆ ಇರುವುದರಿಂದ ಮಾಲೆಗೆ ಬಸ್ಸಲ್ಲಿ ಹೋಗಬಹುದು, ಪಕ್ಕದ ಹುಳುಮಾಲೆ ದ್ವೀಪಕ್ಕೂ ಬಸ್ ಇದೆ. ಟ್ಯಾಕ್ಸಿ ಬೇಡ. ದೇಶದೊಳಗಿನ ವಿಮಾನಗಳ ಟರ್ಮಿನಲ್ ನಡೆದು ಹೋಗುವಷ್ಟು ಹತ್ತಿರ.

ಟಿಕೆಟ್ ಬೇರೆ ಬೇರೆ ಆದ್ದರಿಂದ ನಿಮ್ಮ ಬ್ಯಾಗ್ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಹೊಸದಾಗಿ ಚೆಕ್-ಇನ್ ಮಾಡಬೇಕು. ಚೆಕ್-ಇನ್ ಅಂದರೆ ಟಿಕೆಟ್ ತೋರಿಸಿ ಬ್ಯಾಗ್ ತೂಗಿಸಿ ಸೀಟು ಚೀಟಿ ಪಡೆಯುವುದು. ಎರಡು ವಿಮಾನಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಇಡಿ. ದೊಡ್ಡ ವಿಮಾನ ಸಂಜೆ ಇಳಿಯುವುದಾದರೆ ಹುಳುಮಾಲೆಯಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಹೋಗಿ.

ಡಾಲರ್ ನೋಟು ಒಯ್ಯಿರಿ, ಚಿಕ್ಕ ನೋಟುಗಳು ಜಾಸ್ತಿ ಇರಲಿ. ಊರಿನ ಅಂಗಡಿ, ಬಸ್ಸು, ಫೆರಿಗೆ ಅಲ್ಲಿನ ರುಫಿಯಾ ಬೇಕು. ಬೇಕಾದಷ್ಟೇ ಬದಲಾಯಿಸಿ, ಉಳಿದ ರುಫಿಯಾ ಮತ್ತೆ ಡಾಲರ್ ಮಾಡುವುದು ಕಷ್ಟ.

ಹಂತ 7: ವಿಮಾನದ ಒಳಗೆ

ಇದು ಸುಲಭದ ಭಾಗ. ಡ್ಯಾಶ್ 8, ಎಟಿಆರ್ ಎರಡರಲ್ಲೂ ರೆಕ್ಕೆ ಮೇಲಿರುತ್ತದೆ. ಹಾಗಾಗಿ ಕಿಟಕಿ ಪಕ್ಕ ಯಾವ ಸೀಟಾದರೂ ಕೆಳಗಿನ ಸಮುದ್ರ ಕಾಣುತ್ತದೆ. ಫ್ಯಾನಿನ ನೇರಕ್ಕೆ ಇರುವ ಸಾಲಿನಲ್ಲಿ ಸದ್ದು ಜಾಸ್ತಿ, ಹಿಂದಿನ ಸಾಲು ಕೇಳಿ. ಮೊದಲ ಸಲ ಹಾರುವವರಿಗೆ ಈ ವಿಮಾನ ಅಲುಗಾಡುವುದು ಭಯ ಹುಟ್ಟಿಸಬಹುದು. ಮೋಡದ ಒಳಗೆ ಹೋಗುವಾಗ ಹಾಗಾಗುವುದು ಸಹಜ. ಘಾಟಿ ರಸ್ತೆಯಲ್ಲಿ ವಾಂತಿ ಬರುವವರು ಹೊಟ್ಟೆ ತುಂಬಾ ತಿಂದು ಹತ್ತಬೇಡಿ. ಕೆಲವು ವಿಮಾನ ದಾರಿಯಲ್ಲಿ ಇನ್ನೊಂದು ದ್ವೀಪದಲ್ಲಿ ಇಳಿದು ಹೋಗುತ್ತದೆ. ನಿಮ್ಮ ದ್ವೀಪ ಯಾವುದು ಎಂದು ಕೇಳಿಯೇ ಇಳಿಯಿರಿ.

ಹಂತ 8: ದ್ವೀಪದಲ್ಲಿ ಖರ್ಚು

ಜನ ವಾಸಿಸುವ ದ್ವೀಪಗಳಲ್ಲಿ 2009ರ ನಂತರ ಗೆಸ್ಟ್‌ಹೌಸ್‌ಗಳಿಗೆ ಅನುಮತಿ ಸಿಕ್ಕಿತು. ನಮ್ಮ ಹೋಂಸ್ಟೇ ಇದ್ದ ಹಾಗೆ. ಆದರೆ ಕಾಣುವ ದರ ಬೇರೆ, ಕಟ್ಟುವ ದರ ಬೇರೆ. ಇಬ್ಬರಿಗೆ ರೂಮು 40 ಡಾಲರ್ ಅಂತ ಇಟ್ಟುಕೊಳ್ಳಿ. ಅದಕ್ಕೆ ಶೇ 10 ಸರ್ವಿಸ್ ಚಾರ್ಜ್ ಸೇರಿ 44. ಅದರ ಮೇಲೆ ಶೇ 17 ಪ್ರವಾಸೋದ್ಯಮ ತೆರಿಗೆ, ಅಂದರೆ 51 ಡಾಲರ್ ಚಿಲ್ಲರೆ. ಆಮೇಲೆ ಹಸಿರು ತೆರಿಗೆ, ಸಣ್ಣ ಗೆಸ್ಟ್‌ಹೌಸ್‌ನಲ್ಲಿ ತಲೆಗೆ ರಾತ್ರಿಗೆ 6 ಡಾಲರ್. ಒಟ್ಟು 63 ಡಾಲರ್ ದಾಟಿತು. ಬುಕ್ ಮಾಡುವಾಗ "ಎಲ್ಲ ತೆರಿಗೆ ಸೇರಿ ಎಷ್ಟು?" ಎಂದು ಬರಹದಲ್ಲಿ ಕೇಳಿ.

ಊಟಕ್ಕೆ ಊರಿನವರು ಹೋಗುವ ಚಹಾ ಅಂಗಡಿಗೆ ಹೋಗಿ. ಅದನ್ನು ಹೋಟಾ ಅನ್ನುತ್ತಾರೆ. ಬೆಳಿಗ್ಗೆ ಮಸ್ ಹುನಿ, ಅಂದರೆ ಟ್ಯೂನ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿದ್ದು, ಜೊತೆಗೆ ರೋಶಿ ಎಂಬ ಚಪಾತಿ. ಹೊಟ್ಟೆ ತುಂಬುತ್ತದೆ, ರುಚಿಯೂ ನಮಗೆ ಒಗ್ಗುತ್ತದೆ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಮೀನು ಎಲ್ಲದರಲ್ಲೂ ಇರುತ್ತದೆ.

ಊರೊಳಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಈಜುಡುಗೆಗೆ ಬೇರೆ ಕಡಲತೀರ ಗುರುತು ಮಾಡಿರುತ್ತಾರೆ. ನಮ್ಮ ಊರಿಗೆ ಬರುವ ಪ್ರವಾಸಿಗರು ಹೇಗಿರಬೇಕು ಎಂದು ನಾವು ಬಯಸುತ್ತೇವೋ ಅಲ್ಲಿ ನಾವು ಹಾಗಿರೋಣ. ಹವಳ, ಆಮೆ ಚಿಪ್ಪು ಎತ್ತಿಕೊಂಡು ಬರಬೇಡಿ, ಅಪರಾಧ.

ಹಂತ 9: ವಾಪಸ್

ಸಣ್ಣ ವಿಮಾನದ ಸಮಯ ಬದಲಾಗುತ್ತದೆ. ಮೊದಲ ಸಲ ಹೋದಾಗ ನನ್ನ ಬೆಳಗಿನ ವಿಮಾನವನ್ನು ಸಂಜೆಗೆ ಹಾಕಿದ್ದರು. ಸುದ್ದಿ ಇಮೇಲ್‌ಗೆ ಬಂದಿತ್ತು, ನಾನು ನೋಡಿರಲಿಲ್ಲ. ಅದೇ ದಿನದ ಬೆಂಗಳೂರು ವಿಮಾನ ತಪ್ಪಿತು, ಹೊಸ ಟಿಕೆಟ್‌ಗೆ ಇಡೀ ಪ್ರವಾಸದ ಉಳಿತಾಯ ಹೋಯಿತು. ಅಂದಿನಿಂದ ಒಂದು ದಿನ ಮೊದಲೇ ಮಾಲೆಗೆ ಬಂದು ಹುಳುಮಾಲೆಯಲ್ಲಿ ಕೊನೆಯ ರಾತ್ರಿ ಉಳಿಯುತ್ತೇನೆ. ನೀವೂ ಹಾಗೇ ಮಾಡಿ. ಹಾರುವ ಹಿಂದಿನ ದಿನ ಗೆಸ್ಟ್‌ಹೌಸ್‌ನವರಿಂದ ಒಂದು ಫೋನ್ ಮಾಡಿಸಿ, ಸಮಯ ಗಟ್ಟಿ ಮಾಡಿಕೊಳ್ಳಿ.

ಸ್ಕೂಬಾ ಡೈವಿಂಗ್ ಮಾಡಿದವರು ಕೊನೆಯ ಡೈವ್ ಆದ ಮೇಲೆ 24 ಗಂಟೆ ಹಾರಬೇಡಿ. ನೀರಿನ ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಎತ್ತರಕ್ಕೆ ಹೋದಾಗ ಗುಳ್ಳೆಯಾಗಿ ಜೀವಕ್ಕೇ ಅಪಾಯ ತರಬಹುದು. ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲಿಂಗ್‌ಗೆ ಈ ನಿಯಮ ಇಲ್ಲ. ಇದು ವಿಮಾನಕ್ಕೆ ಮಾತ್ರ ಅಂದುಕೊಳ್ಳಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ನೇತ್ರಾಣಿಯಲ್ಲಿ ಡೈವ್ ಮಾಡಿ ಅದೇ ಸಂಜೆ ಘಾಟಿ ಹತ್ತುವವರೂ ಇದನ್ನು ನೆನಪಿಡಿ.

ಬೆಂಗಳೂರಲ್ಲಿ ಇಳಿದಾಗ ಗಡಿಯಾರ ಮತ್ತೆ ಅರ್ಧ ಗಂಟೆ ಮುಂದಕ್ಕೆ. ನಿಲ್ದಾಣದಿಂದ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಸಂಜೆ ಹೊತ್ತು ಎರಡು ಗಂಟೆಯೂ ಹಿಡಿಯುತ್ತದೆ. ಮಡಿಕೇರಿಗೋ ವಿರಾಜಪೇಟೆಗೋ ರಾತ್ರಿ ಬಸ್ ಬುಕ್ ಮಾಡುವಾಗ ವಿಮಾನ ಇಳಿಯುವ ಸಮಯಕ್ಕೆ ನಾಲ್ಕು ಗಂಟೆ ಸೇರಿಸಿ, ಅದರ ನಂತರದ ಬಸ್ಸಿಗೆ ಸೀಟು ತೆಗೆಯಿರಿ.